ಎಂಜಿನ್ ಆಫ್ ಇದ್ದ ಹೊತ್ತು

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ 11

ಇವತ್ತೂ ಮೂಡಿಗೆರೆಗೆ, ನಮ್ಮ ಲಾರಿ ಕಂಪನಿಯ ಆಫೀಸಿಗೆ ಹೋಗಿ ಬಂದೆ. ಇವತ್ತೂ ಇಲ್ಲ ಅಂದರು. ಬರೆದಿಡುತ್ತೇನೆ.

ಕೊಡುತ್ತೇವೆ ಅಂದದ್ದು. ಎರಡು ವರ್ಷದ ಹಿಂದೆ, ಲಾರಿಗಳಿಗೆ ಕಪ್ಪು ಡಬ್ಬ ಕೂರಿಸಿದ ದಿನ, ಟೀ ಬಿಸ್ಕತ್ತಿನ ಜೊತೆ — ಪ್ರತಿ ಡ್ರೈವರ್ ತನ್ನ ಲಾಗ್ ತಾನೇ ಫೋನಿನಲ್ಲಿ ನೋಡಬಹುದು. ಲಾರಿ ಯಾವಾಗ ಸ್ಟಾರ್ಟ್ ಆಯಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ಓಡಿತು, ಎಲ್ಲ. ತಿಂಗಳ ಕೊನೆಗೆ ಪ್ರಿಂಟ್. ತಪ್ಪಿದ್ದರೆ ತಿದ್ದುತ್ತೇವೆ. ಇದನ್ನು ಹಿಡಿದು ಯಾರನ್ನೂ ಶಿಕ್ಷಿಸುವುದಿಲ್ಲ.

ಕೊಡದೇ ಹೋದದ್ದು — ಫೋನಿಗೆ ಪಾಸ್‌ವರ್ಡ್. ಪ್ರಿಂಟ್. ತಿದ್ದುಪಡಿ. ಶಿಕ್ಷೆಯನ್ನು ಮಾತ್ರ ಕೊಟ್ಟಿದ್ದಾರೆ. ಸಸ್ಪೆಂಡ್ ಆಗಿ ಇಪ್ಪತ್ತೆರಡು ದಿನ.

ನಾನು ಕೇಳಿದ್ದು ಎರಡೇ ದಿನದ ಲಾಗ್. ಜನವರಿ 11, ಭಾನುವಾರ. ಜನವರಿ 12, ಸೋಮವಾರ. ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಬಾಳೂರಿನ ಈಚೆ ತಿರುವಿನಲ್ಲಿ ಲಾರಿಯನ್ನು ಚರಂಡಿಗೆ ಇಳಿಸಿದೆ. ಗೊಬ್ಬರದ ಮೂಟೆ ರಸ್ತೆ ತುಂಬ. ಪಕ್ಕದಲ್ಲಿ ಕೂತಿದ್ದ ಲೋಡಿಂಗ್ ಮಲ್ಲೇಶನ ತೊಡೆ ಮೂಳೆ ಮುರಿಯಿತು. ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಆದ ಮೊದಲ ಅಪಘಾತ.

ಮ್ಯಾನೇಜರ್ ಸುದೀಪ ಒಳ್ಳೆಯ ಮಾತಿನವನು. ಕುರ್ಚಿ ತೋರಿಸುತ್ತಾನೆ, ನೀರು ತರಿಸುತ್ತಾನೆ. ಅದು ಕಂಪನಿ ಡೇಟಾ ಗುರುವಯ್ಯ ಅವ್ರೇ, ಅನ್ನುತ್ತಾನೆ.

ಅಂದರೆ ನನ್ನ ಕಣ್ಣು ಎಷ್ಟು ಹೊತ್ತು ತೆರೆದಿತ್ತು ಅನ್ನುವುದು ಕಂಪನಿಯ ಸ್ವತ್ತು. ಕಣ್ಣು ಮುಚ್ಚಿದ್ದು ಮಾತ್ರ ನನ್ನ ಸ್ವಂತದ್ದು.

ಅದೇ ದಿನ, ಮಧ್ಯಾಹ್ನ 3

ನನ್ನ ಹೆಂಡತಿ ಹೂವಮ್ಮ ರೋಬಸ್ಟಾ ಕಾಫಿ ಕೊಯ್ಯಲು ತೋಟಕ್ಕೆ ಹೋಗಿದ್ದಾಳೆ. ಕೂಲಿಯವರ ಲೈನ್ ಮನೆಗಳ ಸಾಲಿನಲ್ಲಿ ನಾನೊಬ್ಬನೇ ಗಂಡಸು. ಮಲಗಿದೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಚಾಪೆ ಇಳಿಜಾರಿನಲ್ಲಿದ್ದ ಹಾಗೆ, ನಿಧಾನಕ್ಕೆ ಮುಂದೆ ಜಾರುತ್ತಿದ್ದ ಹಾಗೆ. ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಗೋಡೆಗೆ ಒದ್ದು ಎದ್ದೆ.

ಫೆಬ್ರವರಿ 5, ಗುರುವಾರ. ಬೆಳಿಗ್ಗೆ 10

ಅಂಚೆಯಲ್ಲಿ ನೋಟಿಸ್. ಜೊತೆಗೆ ಒಂದು ಹಾಳೆ. ಲಾಗ್ ಅಲ್ಲ, ಲಾಗಿನ ಸಾರಾಂಶವಂತೆ. ಮೂರು ಸಾಲು. ನಡುವಿನ ಸಾಲು ಓದಿ ನಗು ಬಂತು. ನಕ್ಕೆ. ಆಮೇಲೆ ನಿಲ್ಲಿಸಲಿಕ್ಕೆ ಆಗಲಿಲ್ಲ.

'ಜ. 11 ಸಂಜೆ 4.00ರಿಂದ ಜ. 12 ಬೆಳಿಗ್ಗೆ 5.40. ಎಂಜಿನ್ ಆಫ್. ವಿಶ್ರಾಂತಿ: 13 ಗಂಟೆ 40 ನಿಮಿಷ.'

ಹದಿಮೂರು ಗಂಟೆ ನಲವತ್ತು ನಿಮಿಷ. ಅಷ್ಟು ಮಲಗಿದ್ದು ನನಗೆ ನೆನಪಿಲ್ಲ. ಮದುವೆಯಾದ ವಾರದಲ್ಲೂ ಇಲ್ಲ.

ನಡೆದದ್ದು ಇದು. ಭಾನುವಾರ ಬೆಳಕು ಹರಿಯುವ ಮೊದಲೇ ಕಳಸದ ಕಡೆ ಎರಡು ಎಸ್ಟೇಟಿನಲ್ಲಿ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ ಬೀಜ, ಪಾರ್ಚ್‌ಮೆಂಟ್ ತುಂಬಿಸಿದೆ. ಸಂಜೆ ನಾಲ್ಕಕ್ಕೆ ಚಿಕ್ಕಮಗಳೂರಿನಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ಯಾರ್ಡ್. ಸೀಸನ್. ಗೇಟಿನಿಂದ ತೂಕ ಹಾಕುವ ವೇಬ್ರಿಜ್‌ವರೆಗೆ ಲಾರಿಗಳ ಸಾಲು. ಯಾರ್ಡ್ ಇಳಿಜಾರು. ಮುಂದಿನ ಲಾರಿ ಒಂದು ಉದ್ದ ಸರಿದರೆ ನಾವೂ ಸರಿಯಬೇಕು. ಅದಕ್ಕೆ ಎಂಜಿನ್ ಯಾಕೆ? ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡು, ಉರುಳಿಸು, ಹಿಡಿ. ಲೋಡಿಂಗಿನವನು ಇಳಿದು ಗಾಲಿಗೆ ಕಲ್ಲು ಕೊಡುತ್ತಾನೆ. ಕಾಲು ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ. ನಾಲ್ಕು ಸಲ ಬ್ರೇಕ್ ಹಿಡಿದರೆ ಅದರ ಏರ್ ಪ್ರೆಶರ್ ಇಳಿಯುತ್ತದೆ. ಆಗ ಒಂದು ನಿಮಿಷ ಸ್ಟಾರ್ಟ್ ಮಾಡಿ ಏರ್ ತುಂಬಿಸಿಕೊಂಡು ಆಫ್. ಬೆಳಗಿನವರೆಗೆ ಹೀಗೇ. ಮಲಗಿದರೆ ಹಿಂದಿನವನು ಹಾರ್ನ್ ಹೊಡೆದು, ದಾಟಿ ಮುಂದೆ ಹೋಗುತ್ತಾನೆ.

ಡೀಸೆಲ್ ಉಳಿಸಿದ ಡ್ರೈವರಿಗೆ ಕಂಪನಿ ಗೋಡೆ ಗಡಿಯಾರ ಕೊಡುತ್ತದೆ. ನಮ್ಮ ಮನೆಯಲ್ಲಿ ಎರಡಿವೆ. ಈ ಉರುಳಿಸುವ ವಿದ್ಯೆಯನ್ನು ಇಡೀ ಯಾರ್ಡಿಗೆ ಕಲಿಸಿದವನು ನಾನು. ನ್ಯೂಟ್ರಲ್ ಗುರುವಯ್ಯ ಅಂತ ಹೆಸರಿಟ್ಟಿದ್ದಾರೆ. ಎಷ್ಟು ಹೆಮ್ಮೆ ಇತ್ತು...

ಕಪ್ಪು ಡಬ್ಬಕ್ಕೆ ಗೊತ್ತಿರುವುದು ಒಂದೇ. ಎಂಜಿನ್ ಆಫ್ ಅಂದರೆ ಮನುಷ್ಯ ಮಲಗಿದ್ದಾನೆ.

ನನ್ನ ಎಚ್ಚರವನ್ನು ನಾನೇ ಅಳಿಸಿದೆ. ಹದಿಮೂರು ಗಂಟೆ ಕೂತು, ಕೈಯಾರೆ.

ಫೆಬ್ರವರಿ 9, ಸೋಮವಾರ. ಮಧ್ಯಾಹ್ನ 1

ಕೊಟ್ಟಿಗೆಹಾರದವರೆಗೆ ಬಸ್ಸು. ಟೀ ಕುಡಿದು ಬಾಳೂರಿನ ಕಡೆಗೆ ನಡೆದೆ. ಹನ್ನೊಂದು ವರ್ಷ ಈ ರಸ್ತೆಯಲ್ಲಿ ಓಡಿಸಿದ್ದೇನೆ. ಕಾಲಿಟ್ಟದ್ದು ಇದೇ ಮೊದಲು. ಲಾರಿಯೊಳಗೆ ಕೇಳದ ಎಷ್ಟೊಂದು ನೀರು ಈ ರಸ್ತೆಯ ಪಕ್ಕ ಹರಿಯುತ್ತದೆ. ಮಂಜು ಇನ್ನೂ ಕರಗಿರಲಿಲ್ಲ. ಸಿಲ್ವರ್ ಓಕ್ ಮರಗಳು ಬುಡವಿಲ್ಲದೆ ನಿಂತಿದ್ದವು. ಎದುರಿಂದ ಜೀಪೊಂದು ಬಂತು, ಹೆಂಗಸರ ಮಾತು ಬಂತು, ಎರಡೂ ಬಿಳಿಯೊಳಗೆ ಹೋದವು.

ತಿರುವಿನಲ್ಲಿ ಕೂತೆ. ಚರಂಡಿಯಲ್ಲಿ ಗೊಬ್ಬರ ಬಿದ್ದ ಕಡೆ ಹುಲ್ಲು ಸುಟ್ಟು, ಅದರ ಸುತ್ತ ಮಾತ್ರ ದಟ್ಟ ಹಸಿರು.

ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. ಆ ಗಳಿಗೆಯಲ್ಲಿ ರಸ್ತೆ ತಿರುಗಲಿಲ್ಲ. ನೆಟ್ಟಗೆ ಹೋಯಿತು. ಮರಗಳು ದಾರಿ ಬಿಟ್ಟವು. ಮುಂದೆ ದೊಡ್ಡ ಕಣ, ಒಣಗಲು ಹರವಿದ ಪಾರ್ಚ್‌ಮೆಂಟ್, ಬಿಸಿಲು. ನಡುವೆ ನನ್ನ ಅವ್ವ ಹಲಗೆ ಎಳೆಯುತ್ತ ಕಾಫಿ ಆಡಿಸುತ್ತಿದ್ದಳು. ಸತ್ತು ಒಂಬತ್ತು ವರ್ಷ. ತಲೆ ಎತ್ತಲಿಲ್ಲ. ಕಾಳಿನ ಮೇಲೆ ಚಕ್ರ ಹತ್ತಿಸಬಾರದಲ್ಲ ಅಂತ ಪಕ್ಕಕ್ಕೆ ತೆಗೆದುಕೊಂಡೆ. ಸ್ಟೇರಿಂಗ್ ಎಷ್ಟು ಹಗುರ ಇತ್ತು. ಅಷ್ಟು ಸುಖವಾಗಿ ನಾನು ಎಂದೂ ಲಾರಿ ಓಡಿಸಿಲ್ಲ.

ಆಮೇಲೆ ಮಲ್ಲೇಶ ಕೂಗಿದ.

ನಿದ್ದೆ ಬಂದದ್ದು ಸುಳ್ಳಲ್ಲ. ಒಪ್ಪುತ್ತೇನೆ. ಅವನ ಕಾಲು ಮುರಿದದ್ದು ನನ್ನ ಕೈಯಿಂದ. ಆದರೆ ಆ ನಿದ್ದೆ ಎಲ್ಲಿಂದ ಬಂತು? ಬೆಳಿಗ್ಗೆ ಐದು ನಲವತ್ತಕ್ಕೆ ಯಾರ್ಡ್ ಖಾಲಿ ಮಾಡಿ, ಮುಖ ತೊಳೆಯುವ ಮೊದಲೇ ಫೋನ್. ಬಾಳೂರಿಗೆ ಹತ್ತು ಗಂಟೆಯೊಳಗೆ ಗೊಬ್ಬರ ಮುಟ್ಟಬೇಕು. ಅದನ್ನು ಯಾವ ಡಬ್ಬ ಬರೆದುಕೊಂಡಿದೆ?

ಫೆಬ್ರವರಿ 15, ಭಾನುವಾರ. ಸಂಜೆ 5

ನಿನ್ನೆ ಸುದೀಪ ಕರೆಸಿದ್ದ. ಟೈಪ್ ಮಾಡಿಟ್ಟ ಒಂದು ಪತ್ರ. 'ಸಾಕಷ್ಟು ವಿಶ್ರಾಂತಿ ಪಡೆದಿದ್ದರೂ ನನ್ನ ಸ್ವಂತ ನಿರ್ಲಕ್ಷ್ಯದಿಂದ...' ಇದಕ್ಕೆ ಸೈನ್ ಹಾಕಿದರೆ ವಾರ್ನಿಂಗ್ ಕೊಟ್ಟು ಮತ್ತೆ ಲಾರಿ ಕೊಡುತ್ತಾರೆ. ಮಾಲೀಕರು ರಂಗನಾಥ ಅವರೇ ದೊಡ್ಡ ಮನಸ್ಸು ಮಾಡಿದ್ದಂತೆ. ಹಾಕದಿದ್ದರೆ ವಿಚಾರಣೆ, ಕೆಲಸದಿಂದ ತೆಗೆಯುವುದು, ವರದಿ ಆರ್‌ಟಿಓಗೆ. ಲೈಸೆನ್ಸೂ ಹೋಗುತ್ತದೆ. ನನಗೆ ನಲವತ್ತೊಂಬತ್ತು. ಲಾರಿ ಬಿಟ್ಟು ಬೇರೆ ಕೆಲಸ ಕಲಿತಿಲ್ಲ.

ಇವತ್ತು ಬಣಕಲ್‌ಗೆ, ಮಲ್ಲೇಶನ ಮನೆಗೆ. ಮಂಚದ ಮೇಲೆ ಕಾಲಿಗೆ ಪ್ಲಾಸ್ಟರ್. ಇನ್ನೂ ಎರಡು ತಿಂಗಳಂತೆ. ನೋಡಿದ ಕೂಡಲೇ, ಬಾ ಮಾರಾಯ, ನಿನ್ನಿಂದ ನನಗೆ ಅಂತೂ ರೆಸ್ಟ್ ಸಿಕ್ತು, ಅಂದ. ಅವನ ಹೆಂಡತಿ ನಗಲಿಲ್ಲ. ಕಾಫಿ ಲೋಟವನ್ನು ಕುಟ್ಟಿದ ಹಾಗೆ ಇಟ್ಟು ಒಳಗೆ ಹೋದಳು.

ಪತ್ರದ ವಿಷಯ ಹೇಳಿದೆ. ಓದಲು ಹೇಳಿದ. ಓದಿದೆ. ಸೂರು ನೋಡುತ್ತ ಏನೋ ಎಣಿಸಿದ.

"ಅವತ್ತು ಮೂವತ್ತನಾಲ್ಕು ಸಲ ಇಳಿದಿದೀನಿ ನಾನು" ಅಂದ. "ನೀನು ರೆಸ್ಟ್ ಮಾಡಿದ್ದೆ ಅಂತ ಸೈನ್ ಹಾಕಿದ್ರೆ, ನಾನು ಕಲ್ಲು ಕೊಟ್ಟಿದ್ದು ಯಾರ ಗಾಲಿಗೆ?"

ಹಾಕಬೇಡ ಅನ್ನಲಿಲ್ಲ. ಹಾಕು ಅಂತಲೂ ಅನ್ನಲಿಲ್ಲ.

ಫೆಬ್ರವರಿ 19, ಗುರುವಾರ

ಸೈನ್ ಹಾಕುತ್ತೇನೆ. ಹೂವಮ್ಮನಿಗೂ ಹೇಳಿದೆ. ಹೂಂ ಅಂದಳು.

ಫೆಬ್ರವರಿ 24, ಮಂಗಳವಾರ. ಬೆಳಿಗ್ಗೆ 9

ಬಾಗಿಲು ತೆಗೆದರೆ ಗುಡ್ಡ ಬೇರೆ ಯಾವುದೋ ಊರಿನದು. ಹೋದ ವಾರದ ಮಳೆಗೆ ಕಾಫಿ ಹೂ ಬಿಟ್ಟಿದೆ. ಕೊಂಬೆಗಳು ಕಾಣುವುದಿಲ್ಲ, ಬರೀ ಬಿಳಿ. ವಾಸನೆಗೆ ತಲೆ ತೂಗುತ್ತದೆ. ಬಸ್‌ಸ್ಟಾಪಿನವರೆಗೆ ನೀರಿನಲ್ಲಿ ನಡೆದ ಹಾಗೆ ನಡೆದೆ. ಜೇನು ಹುಳುಗಳ ಸದ್ದು ದೂರದಲ್ಲಿ ಲಾರಿ ಏರು ಹತ್ತುವ ಹಾಗೆ ಕೇಳುತ್ತಿತ್ತು. ಜೇಬಿನಲ್ಲಿ ಪೆನ್ನು. ಸೈನ್ ಹಾಕಲು ಹೊರಟಿದ್ದೆ.

ಬಸ್‌ಸ್ಟಾಪಿನಲ್ಲಿ ಸುಪ್ರಿಯಾ. ಆಫೀಸಿನ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ. ನಮ್ಮ ಇಪ್ಪತ್ತೆರಡು ಲಾರಿಗಳೂ ಇಪ್ಪತ್ತೆರಡು ಚುಕ್ಕಿಗಳಾಗಿ ದಿನವಿಡೀ ಅವಳ ಕಣ್ಣ ಮುಂದೆ ಹರಿಯುತ್ತವೆ. ನನ್ನನ್ನು ನೋಡಿ ಮೊಬೈಲ್ ಕಿವಿಗಿಟ್ಟುಕೊಂಡಳು. ಯಾರ ಜೊತೆಯೋ ಮಾತಾಡುವ ಹಾಗೆ, ನನ್ನ ಕಡೆ ತಿರುಗದೆ ಮಾತಾಡಿದಳು.

"ನಾನು ತೋರಿಸಲ್ಲ ಅಣ್ಣ. ತೋರಿಸಿದ್ರೆ ನನ್ನ ಕೆಲ್ಸ ಹೋಗುತ್ತೆ. ಆದ್ರೆ ಇದೆ. ಇಲ್ಲ ಅಂತ ಯಾರು ಹೇಳಿದ್ರೂ ನಂಬಬೇಡಿ."

ಏನು ಇದೆ ಅಂತ ಕೇಳಿದೆ. ನಾನು ಏರ್ ತುಂಬಿಸಲು ಸ್ಟಾರ್ಟ್ ಮಾಡಿದ ಒಂದೊಂದು ನಿಮಿಷವೂ ಪೂರ್ತಿ ಲಾಗಿನಲ್ಲಿದೆಯಂತೆ, ಗಂಟೆ ನಿಮಿಷದ ಸಮೇತ. ಲಾರಿ ಮುಂದೆ ಉರುಳಿದ್ದೂ ಇದೆಯಂತೆ. ಸಾರಾಂಶ ಮಾಡುವಾಗ ಐದು ನಿಮಿಷದ ಒಳಗಿನದನ್ನೆಲ್ಲ ಸಾಫ್ಟ್‌ವೇರ್ ನುಂಗಿ, ವಿಶ್ರಾಂತಿ ಅಂತ ಬರೆಯುತ್ತದೆ. ಆ ಹಾಳೆ ತಿಂಗಳಿಗೊಮ್ಮೆ ಕಾಫಿ ಕೊಳ್ಳುವ ಹೊರದೇಶದವರಿಗೆ ಹೋಗುತ್ತದೆ. ನಮ್ಮ ಡ್ರೈವರುಗಳು ಚೆನ್ನಾಗಿ ಮಲಗುತ್ತಾರೆ ಅನ್ನುವುದಕ್ಕೆ ಪುರಾವೆ.

ಬಸ್ ಬಂತು. ಹತ್ತುವಾಗ ಇನ್ನೊಂದು ಮಾತು ಹೇಳಿದಳು. ಪೂರ್ತಿ ಲಾಗ್ ಇರುವುದು ಟ್ರಿಪ್ ಮುಗಿದ ದಿನದಿಂದ ತೊಂಬತ್ತು ದಿನ. ಆಮೇಲೆ ತಾನಾಗಿ ಅಳಿಸಿಹೋಗುತ್ತದೆ.

ಜನವರಿ 12ರಿಂದ ತೊಂಬತ್ತು ದಿನ. ಬೆರಳು ಮಡಿಸಿ ಎಣಿಸಿದೆ. ಏಪ್ರಿಲ್ 12.

ನಾನು ಬಸ್ ಹತ್ತಲಿಲ್ಲ. ಹೂವಿನ ನಡುವೆಯೇ ವಾಪಸ್ ಬಂದೆ.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ 2

ಸುದೀಪ ಪತ್ರ ಮುಂದಿಟ್ಟ, ಪೆನ್ನಿನ ಕ್ಯಾಪ್ ತೆಗೆದು ಕೊಟ್ಟ. ಒಂದು ಸಾಲು ತಿದ್ದಲು ಕೇಳಿದೆ.

"ನಿದ್ದೆ ಬಂತು ಅಂತ ಬರೀರಿ, ಈಗ್ಲೇ ಸೈನ್ ಹಾಕ್ತೀನಿ. ರೆಸ್ಟ್ ಮಾಡಿದ್ದೆ ಅಂತ ಬರೀಬೇಡಿ."

ಎರಡಕ್ಕೂ ಏನು ವ್ಯತ್ಯಾಸ ಅಂತ ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನಟನೆ ಅಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಪೆನ್ನಿಗೆ ಕ್ಯಾಪ್ ಹಾಕಿ ಕೊಟ್ಟು ಎದ್ದು ಬಂದೆ.

ಎರಡು ದಿನದ ಪೂರ್ತಿ ಲಾಗ್ ಕೊಡಿ ಅಂತ ಲಿಖಿತ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿ ಸೀಲ್ ಹಾಕಲಿಲ್ಲ. ರಿಜಿಸ್ಟರ್ ಪೋಸ್ಟಿನಲ್ಲಿ ಮತ್ತೆ ಕಳಿಸಿದೆ. ಚಿಕ್ಕಮಗಳೂರಿನಲ್ಲಿ ವಕೀಲರೊಬ್ಬರನ್ನು ಕೇಳಿದೆ. ನಿನ್ನ ಮಾಹಿತಿ ನಿನಗೆ ಕೊಡಬೇಕು ಅನ್ನುವ ಹೊಸ ಕಾನೂನು ಬಂದಿದೆಯಂತೆ, ಪೂರ್ತಿ ಜಾರಿಗೆ ಬರಲು ಇನ್ನೂ ಕಾಲ ಇದೆಯಂತೆ. ಕಾನೂನಿಗೆ ಕಾಲ ಇದೆ. ನನಗೆ ಮೂವತ್ತೇಳು ದಿನ.

ಮಾರ್ಚ್ 21, ಶನಿವಾರ. ಸಂಜೆ 4

ಹಬ್ಬ ಮುಗಿಸಿ ಬೆಳ್ಳಿಯಪ್ಪಣ್ಣ ಬಂದಿದ್ದರು. ನಮ್ಮ ಡ್ರೈವರ್ ಸಂಘದ ಅಧ್ಯಕ್ಷರು, ಇನ್ನೊಂದು ವರ್ಷಕ್ಕೆ ಸ್ಟೇರಿಂಗ್ ಬಿಡುವವರು. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಗೋಡೆಯ ಎರಡು ಗಡಿಯಾರ ನೋಡಿ, ಒಂದು ಹತ್ತು ನಿಮಿಷ ಮುಂದಿದೆಯಲ್ಲ, ಅದು ಡೀಸೆಲ್ ಉಳಿಸಿದ ಕೊನೇ ವರ್ಷದ್ದಾ, ಅಂದರು.

ಸ್ಟ್ರೈಕ್ ಮಾಡೋಣ ಅಂದೆ. ಹಳೆಯ ಚಳವಳಿಗಳ ಬಿಸಿ ಇನ್ನೂ ಇದೆ ನನ್ನ ಮೈಯಲ್ಲಿ. ಸೀಸನ್ನಿನಲ್ಲಿ ಲಾರಿ ನಿಲ್ಲಿಸಿದರೆ ಬೇರೆ ಕಡೆಯಿಂದ ಲಾರಿ ತರಿಸುತ್ತಾರೆ ಅಂದರು ಅವರು. ಹೂವಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದವಳು, ಕೆಲಸ ನಿಲ್ಲಿಸೋದು ಯಾಕೆ, ಮಾಡಿದ್ದು ಕಾಣೋ ಹಾಗೆ ಮಾಡಿ, ಅಂದಳು. ಅವಳ ಪಾಡಿಗೆ ಅಂದದ್ದು.

ಬೆಳ್ಳಿಯಪ್ಪಣ್ಣ ಎಲೆ ಜಗಿಯುವುದನ್ನು ನಿಲ್ಲಿಸಿದರು.

"ಉರುಳಿಸೋದು ಕಲಿಸಿದೋನು ನೀನೇ ಅಲ್ವನಾ. ನೀನೇ ಬಿಡಿಸು ಮಾರಾಯ."

ತೀರ್ಮಾನ ಇಷ್ಟೇ. ಇನ್ನು ಯಾರೂ ನ್ಯೂಟ್ರಲ್‌ನಲ್ಲಿ ಉರುಳಿಸಬಾರದು. ಸರಿಯಬೇಕಾದ ಪ್ರತಿ ಸಲ ಸ್ಟಾರ್ಟ್. ಸರಿದ ಮೇಲೂ ಆಫ್ ಮಾಡದೆ ಆರು ನಿಮಿಷ. ಐದು ನಿಮಿಷದ್ದನ್ನು ನುಂಗುವ ಬಾಯಿಗೆ ಆರು ನಿಮಿಷ ಹಿಡಿಸಬಾರದು.

ಮಾರ್ಚ್ 25, ಬುಧವಾರ. ಸಂಜೆ 6

ನನಗೆ ಯಾರ್ಡಿನೊಳಗೆ ಪ್ರವೇಶವಿಲ್ಲ. ಕೆಳಗಿನ ತಂತಿ ಬೇಲಿಯ ಹೊರಗೆ ನಿಂತು ನೋಡಿದೆ. ಇಳಿಜಾರಿನ ತುಂಬ ಲಾರಿಗಳು, ಅದರಲ್ಲಿ ನಮ್ಮವು ಒಂಬತ್ತು. ವೇಬ್ರಿಜ್‌ನಿಂದ ಒಂದು ಲಾರಿ ಇಳಿಯಿತು. ಮೊದಲನೆಯದು ಸ್ಟಾರ್ಟ್ ಆಯಿತು, ಸರಿಯಿತು. ಅದರ ಹಿಂದಿನದು. ಅದರ ಹಿಂದಿನದು. ಸದ್ದು ಕೆಳಗಿನಿಂದ ಮೇಲಕ್ಕೆ ಒಬ್ಬೊಬ್ಬರನ್ನೇ ಮುಟ್ಟಿ ಎಬ್ಬಿಸುತ್ತ ಗೇಟಿನವರೆಗೆ ಹತ್ತಿ ಹೋಯಿತು. ಬೇರೆ ಕಂಪನಿಯವರೂ ಸೇರಿಕೊಂಡಿದ್ದರು, ನಾವು ಕೇಳಿರಲಿಲ್ಲ. ಆರು ನಿಮಿಷ ಇಡೀ ಗುಡ್ಡ ಗುಡುಗಿತು. ಆಮೇಲೆ ಒಂದೊಂದೇ ಆಫ್. ಹಕ್ಕಿ ಕೂಗು ಕೇಳುವಷ್ಟು ಮೌನ. ಮತ್ತೆ ಕೆಳಗಿನಿಂದ ಶುರು.

ಹೊಗೆ ಸಂಜೆಯ ಬಿಸಿಲಿನಲ್ಲಿ ಮಂಜಿನ ಹಾಗೆ ಮೇಲಕ್ಕೆದ್ದಿತು. ಅದರೊಳಗೆ ಲಾರಿಗಳು ತೇಲುತ್ತಿದ್ದವು. ಬೇಲಿ ಹಿಡಿದುಕೊಂಡು ನಿಂತಿದ್ದೆ. ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ನ್ಯೂಟ್ರಲ್ ಗುರುವಯ್ಯಂಗೆ ಫಸ್ಟ್ ಗೇರ್ ನಮಸ್ಕಾರ, ಅಂತ ಕೂಗಿದ. ಎಲ್ಲರೂ ನಕ್ಕರು. ನಾನು ಬೇಲಿಯಾಚೆಯಿಂದ ಕೈ ಎತ್ತಿದೆ.

ಏಪ್ರಿಲ್ 2, ಗುರುವಾರ. ಬೆಳಿಗ್ಗೆ 11

ಎಂಟು ದಿನ ಆಯಿತು. ಸಾರಾಂಶದ ಹಾಳೆಯಲ್ಲಿ ನಮ್ಮವರಿಗೆ ವಿಶ್ರಾಂತಿಯೇ ಇಲ್ಲ. ಹದಿನಾರು ಗಂಟೆ ಕೆಲಸ, ಹದಿನೆಂಟು ಗಂಟೆ ಕೆಲಸ. ಮಾರ್ಚ್ ತಿಂಗಳ ಹಾಳೆಯನ್ನು ಹೊರದೇಶಕ್ಕೆ ಕಳಿಸದೆ ಇಟ್ಟುಕೊಂಡಿದ್ದಾರೆ ಅಂತ ಬೆಳ್ಳಿಯಪ್ಪಣ್ಣನಿಗೆ ಸುದ್ದಿ. ಸುದೀಪ ಯಾರ್ಡಿಗೇ ಬಂದು, ಮೊದಲಿನ ಹಾಗೇ ಉರುಳಿಸ್ರಪ್ಪ ಅಂದನಂತೆ. ಸರ್, ಮೊದಲು ನಾವು ಮಲಗಿದ್ವಲ್ಲ, ಮಲಗಿದೋರು ಹೇಗೆ ಉರುಳಿಸೋದು, ಅಂತ ಒಬ್ಬ ಕೇಳಿದನಂತೆ.

ಮಧ್ಯಾಹ್ನ 3

ಮೀಟಿಂಗ್ ಕರೆದಿದ್ದಾರೆ. ಮಾಲೀಕರೂ ಬರುತ್ತಾರೆ. ಪೂರ್ತಿ ಲಾಗ್ ತೋರಿಸುವ ವಿಷಯ ಚರ್ಚಿಸೋಣ ಅಂತ ನೋಟಿಸ್. ಓದುತ್ತ ಹೋದೆ. ದಿನಾಂಕ: ಏಪ್ರಿಲ್ 15, ಬುಧವಾರ.

ಹದಿನೈದು. ಮೂರು ದಿನ ಮೊದಲೇ ಅಳಿದಿರುತ್ತದೆ. ಖಾಲಿ ಪರದೆ ತೋರಿಸಿ, ನೋಡಿ, ಏನೂ ಮುಚ್ಚಿಟ್ಟಿಲ್ಲ, ಅನ್ನುತ್ತಾರೆ.

ಏಪ್ರಿಲ್ 5, ಭಾನುವಾರ

ಕನಸು. ನಾನೊಂದು ಚುಕ್ಕಿ. ಬಾಬಾಬುಡನ್‌ಗಿರಿಯ ನೆತ್ತಿಯಿಂದ ಯಾರೋ ನೋಡುತ್ತಿದ್ದಾರೆ. ನಾನು ಓಡಿದ ರಸ್ತೆಯೆಲ್ಲ ಹಿಂದಿನಿಂದ ಸುತ್ತಿಕೊಳ್ಳುತ್ತಾ ಬರುತ್ತಿದೆ, ಚಾಪೆ ಸುತ್ತಿದ ಹಾಗೆ. ಕಳಸ ಹೋಯಿತು, ಬಾಳೂರು ಹೋಯಿತು. ಓಡಬೇಕು. ನ್ಯೂಟ್ರಲ್‌ನಲ್ಲಿದ್ದೇನೆ.

ಏಳು ದಿನ.

ಏಪ್ರಿಲ್ 8, ಬುಧವಾರ. ಸಂಜೆ 5

ಬೆಳಿಗ್ಗೆ ಎಂಟಕ್ಕೇ ಆಫೀಸಿನ ಮುಂದೆ ನಿಂತೆವು. ಹದಿನಾಲ್ಕು ಡ್ರೈವರುಗಳು, ಬೆಳ್ಳಿಯಪ್ಪಣ್ಣ, ನಾನು. ಮಲ್ಲೇಶ ಆಟೋದಲ್ಲಿ ಬಂದು ಕಾಲು ಚಾಚಿಕೊಂಡು ಮೆಟ್ಟಿಲ ಮೇಲೆ ಕೂತ. ಅವನ ಹೆಂಡತಿ ಪಕ್ಕದಲ್ಲಿ. ನನ್ನ ಕಡೆ ನೋಡಲಿಲ್ಲ, ಆದರೆ ಬಂದಿದ್ದಳು. ಘೋಷಣೆ ಕೂಗಲಿಲ್ಲ. ಕೂಗುವುದೇನಿದೆ, ಒಂದೇ ಮಾತು. ಹನ್ನೆರಡನೇ ತಾರೀಖಿನ ಮೊದಲು ಮೀಟಿಂಗ್, ಅಲ್ಲಿಯವರೆಗೆ ಅಳಿಸಬಾರದು, ಎರಡೂ ಕಾಗದದ ಮೇಲೆ.

ಸುದೀಪ ಮೂರು ಸಲ ಹೊರಗೆ ಬಂದ. ಅಳಿಸುವುದು ಸಿಸ್ಟಮ್ಮು, ನಾನಲ್ಲ, ಅಂದ. ತೊಂಬತ್ತು ದಿನದ ವಿಷಯ ಯಾರು ಹೇಳಿದ್ದು ಅಂತಲೂ ಕೇಳಿದ. ಕಿಟಕಿಯಾಚೆ ಸುಪ್ರಿಯಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಬೇಗನೆ ಅಂದೆ —

"ನೋಟಿಸಲ್ಲಿ ನೀವೇ ಹದಿನೈದು ಅಂತ ಬರೆದ್ರಲ್ಲ ಸರ್. ಅಷ್ಟು ಅವಸರ ಇಲ್ಲದೋರು ಏನಕ್ಕೋ ಕಾಯ್ತಿರ್ತಾರೆ. ನಾವೂ ಡ್ರೈವರುಗಳು. ಕಾಯೋದು ಗೊತ್ತಾಗುತ್ತೆ."

ಅವನ ಮುಖ ಕೆಂಪಾಯಿತು. ಒಳಗೆ ಹೋದ. ಮಾಲೀಕರ ಜೊತೆ ಫೋನಿನಲ್ಲಿ ಮಾತು. ಎರಡು ಗಂಟೆ. ಮಲ್ಲೇಶ ಮೆಟ್ಟಿಲ ಮೇಲೆ ಒರಗಿದ್ದವನು ಅಲ್ಲೇ ನಿದ್ದೆ ಹೋದ. ಬಿಸಿಲು ಅವನ ಮುಖಕ್ಕೆ ಬರದ ಹಾಗೆ ನಾವು ಸಾಲಾಗಿ ನಿಂತೆವು. ಯಾರೂ ಹೇಳಲಿಲ್ಲ, ಬಿಸಿಲು ಸರಿದ ಹಾಗೆ ನಾವೂ ಸರಿದೆವು.

ಒಂದೂವರೆಗೆ ಕಾಗದ ಬಂತು. ಲೆಟರ್‌ಹೆಡ್ಡು, ಸೀಲು, ಸೈನು. ಜನವರಿ 11, 12ರ ಲಾಗ್ ಅಳಿಸುವುದಿಲ್ಲ ಅನ್ನುವ ಸಾಲಿಲ್ಲ. ಎಷ್ಟು ಕೇಳಿದರೂ ಬರೆಯಲಿಲ್ಲ. ದಿನ ಮಾತ್ರ ಬದಲಾಗಿದೆ. ಹನ್ನೆರಡನೇ ತಾರೀಖಿಗೆ ಒಂದು ದಿನ ಮೊದಲು, ಶನಿವಾರ. ಪರದೆ ಮುಂದೆ ನಾನೇ ಕೂರುತ್ತೇನೆ, ಒಂದೊಂದು ನಿಮಿಷವನ್ನೂ ಎಲ್ಲರ ಎದುರು ಓದಿ ಹೇಳುತ್ತೇನೆ, ಹದಿನಾಲ್ಕು ಜನ ಬರೆದುಕೊಳ್ಳುತ್ತಾರೆ. ಪ್ರಿಂಟ್ ಕೊಟ್ಟರೆ ಸರಿ, ಕೊಡದಿದ್ದರೆ ಹದಿನಾಲ್ಕು ಕೈಬರಹ.

ಏಪ್ರಿಲ್ 11, ಶನಿವಾರ. ಬೆಳಿಗ್ಗೆ ಹತ್ತು ಗಂಟೆ — ಪರದೆ ಮುಂದೆ ಕೂತಿದ್ದೇನೆ, ಹಿಂದೆ ಹದಿನಾಲ್ಕು ಪೆನ್ನು ಕಾಯುತ್ತಿವೆ.